ತಟ್ಟೆಯಂಚಿನ ಮೂಳೆಗಳು

ಅರವತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಹೆಣ್ಣು ಕೇಳಲು ಹೊರಟಿದ್ದೆ. ಕೇಳಬೇಕಾಗಿದ್ದುದು ಹೆಣ್ಣಿನ ಅಪ್ಪನನ್ನಲ್ಲ, ಅವಳ ಮಗಳು ಮೆರೆಟೆಯನ್ನು.

ನಾನು ಮೆಚ್ಚಿದ ಟೀರಾ ಇದನ್ನು ಏಪ್ರಿಲ್‌ನಲ್ಲೇ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟಿದ್ದಳು. "ನೋಡು ಎಸ್ಕಿಲ್, ನೀನು ನನ್ನ ಮನೇಲೇ ಬಂದು ಇರೋದು ನನಗಿಷ್ಟಾನೇ. ಆದ್ರೆ ಅದು ಮೆರೆಟೆ ಹುಟ್ಟಿ ಬೆಳೆದ ಮನೆ. ಅವಳ ಮನಸ್ಸು ನೋಯಿಸಿ ನಾನು ನಿನ್ನನ್ನ ಒಳಗೆ ಕರ್ಕೊಳ್ಳಲ್ಲ. ಅವಳು ಬೇಡ ಅಂದ್ರೆ ಹೀಗೇ ಭಾನುವಾರ ಭಾನುವಾರ ಕಾಫಿ ಕುಡ್ಕೊಂಡು ಇರೋಣ."

ಭಾನುವಾರದ ಕಾಫಿಯಂತೆ! ನಲವತ್ತು ವರ್ಷ ಕಂಡವರ ಮನೆಗೆಲ್ಲ ಹುಲ್ಲಿನ ಚಾವಣಿ ಹೊದಿಸಿದವನು ನಾನು. ಈಗ ಬೇಕರಿಯ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬನೇ ಬಿದ್ದುಕೊಂಡಿದ್ದೇನೆ. ಬೆಳಗ್ಗೆ ಎದ್ದರೆ ಜಗಳ ಆಡಲಿಕ್ಕೂ ಒಂದು ಜೀವವಿಲ್ಲ, ರೇಡಿಯೋದವನನ್ನೇ ಬೈಯಬೇಕು. ವಾರಕ್ಕೊಂದು ಕಾಫಿಯಿಂದ ನನ್ನ ಯಾವ ಮೂಲೆ ತುಂಬಬೇಕು? ಆದರೆ ಟೀರಾ ಒಂದು ಸಲ ಹೇಳಿದರೆ ಮುಗಿಯಿತು. ತೀರಿಹೋದ ಗಂಡ ಹೋಲ್ಗರ್‌ನ ಹುಟ್ಟುಹಬ್ಬ ಜೂನ್ ತಿಂಗಳಲ್ಲಿ ಬರುತ್ತದೆ, ಪ್ರತಿ ವರ್ಷ ಆ ದಿನ ನಾವು ತಾಯಿ ಮಗಳು ರೋನೆಸುಂದ್ ದಡದ ಹಳ್ಳಿ ಖಾನಾವಳಿಗೆ, ಕ್ರೋಗೆ, ಊಟಕ್ಕೆ ಹೋಗುತ್ತೇವೆ, ಈ ವರ್ಷ ನೀನೂ ಬಾ, ಅಲ್ಲೇ ಮಾತಾಡೋಣ ಎಂದಳು.

ಊಟ ಯಾವುದು ಅಂದರೆ, ಹುರಿದ ಹಾವುಮೀನು.

ಇಲ್ಲಿ ನನ್ನ ಪಾಪವನ್ನು ಹೇಳಿಕೊಳ್ಳಬೇಕು. ನನಗೆ ಹಾವುಮೀನು ಕಂಡರಾಗದು. ನಮ್ಮಪ್ಪ ಫ್ಯೋರ್ಡಿನ ಉಪ್ಪುನೀರಿನಲ್ಲಿ ಬಲೆಗೂಡು ಇಟ್ಟು ಹಾವುಮೀನು ಹಿಡಿಯುತ್ತಿದ್ದವನು. ಮಾರಾಟವಾಗದೆ ಉಳಿದದ್ದೆಲ್ಲ ನಮ್ಮ ಹೊಟ್ಟೆಗೆ. ಹುರಿದದ್ದು, ಬೇಯಿಸಿದ್ದು, ಹೊಗೆ ಹಾಕಿದ್ದು, ಸಾರು ಮಾಡಿದ್ದು. ಹದಿನಾರನೇ ವಯಸ್ಸಿಗೆ ಮನೆ ಬಿಟ್ಟಾಗ ಇನ್ನು ಜನ್ಮದಲ್ಲಿ ಇದನ್ನು ಮುಟ್ಟುವುದಿಲ್ಲ ಎಂದುಕೊಂಡಿದ್ದೆ, ಮುಟ್ಟಿರಲೂ ಇಲ್ಲ. ಆದರೆ ಹೋದ ಚಳಿಗಾಲದಲ್ಲಿ ಟೀರಾ, "ನಿನಗೆ ಹಾವುಮೀನು ಇಷ್ಟಾನಾ?" ಎಂದು ಕಣ್ಣರಳಿಸಿ ಕೇಳಿದಳು ನೋಡಿ, "ಯಾರಿಗೆ ಇಷ್ಟ ಇಲ್ಲ ಹೇಳು" ಅಂದುಬಿಟ್ಟೆ. ಆಗ ಅವಳು ಮೊಳೆ ತಿನ್ನುತ್ತೀಯಾ ಎಂದು ಕೇಳಿದ್ದರೂ ಹೂಂ ಅನ್ನುತ್ತಿದ್ದೆ. ಪ್ರೀತಿ ಮಾಡಿದರೆ ಬುದ್ಧಿ ಮಂಕಾಗುತ್ತದೆ, ಅದಕ್ಕೆ ವಯಸ್ಸಿನ ಲೆಕ್ಕವಿಲ್ಲ.

ಸರಿ, ಮಧ್ಯಾಹ್ನ ಹನ್ನೆರಡೂವರೆಗೆ ಮೂವರೂ ಕ್ರೋದ ಕಿಟಕಿ ಪಕ್ಕದ ಮೇಜಿಗೆ ಕೂತೆವು. ಹೊರಗೆ ನೀರು ಥಳಥಳ ಹೊಳೆಯುತ್ತಿತ್ತು, ದೋಣಿಕಟ್ಟೆಯಲ್ಲಿ ಯಾರೋ ಹಾಯಿ ಒಣಹಾಕಿದ್ದರು. ಮೇಜಿನ ಮೇಲೆ, ನಮ್ಮಲ್ಲಿ ಹುಟ್ಟುಹಬ್ಬಕ್ಕೆ ಇಡುವ ಹಾಗೆ, ಹೋಲ್ಗರ್‌ನ ಹೆಸರಿಗೆ ಒಂದು ಪುಟ್ಟ ಬಾವುಟ. ಮೆರೆಟೆಗೆ ನಲವತ್ತೈದು ವರ್ಷ, ದನದ ಡಾಕ್ಟರು. ಹಸುವಿನ ಬಾಯಿ ತೆರೆದು ನೋಡದೆಯೇ ಜ್ವರ ಎಷ್ಟಿದೆ ಎಂದು ಹೇಳುವಂಥವಳು. ನನ್ನನ್ನೂ ಹಾಗೇ ನೋಡಿದಳು.

ಚಿಕ್ಕ ಲೋಟಗಳಲ್ಲಿ ಸ್ನ್ಯಾಪ್ಸ್ ಮದ್ಯ ಬಂತು. ನಾನು ಲೋಟ ಎತ್ತಿ "ಸ್ಕೋಲ್" ಎಂದು ಟೀರಾಳ ಕಣ್ಣು ನೋಡಿದೆ, ಆಮೇಲೆ ಮೆರೆಟೆಯ ಕಣ್ಣು ಹುಡುಕಿದೆ. ಕಾರು ಓಡಿಸಬೇಕಾಗಿದ್ದ ಅವಳು ನೀರಿನ ಲೋಟ ಎತ್ತಿ ಕಿಟಕಿಯನ್ನು ನೋಡಿದಳು. ನಮ್ಮಲ್ಲಿ ಲೋಟ ಎತ್ತಿದಾಗ ಕಣ್ಣು ತಪ್ಪಿಸುವುದೂ ಒಂದೇ, ಬಾಗಿಲು ತೋರಿಸುವುದೂ ಒಂದೇ. ನನಗೆ ಮೈ ಉರಿಯಿತು, ಆದರೂ ನಕ್ಕೆ.

ಕ್ರೋದ ಯಜಮಾನಿ ಎಲ್ನಾ ದೊಡ್ಡ ತಟ್ಟೆ ಹೊತ್ತು ಬಂದಳು. ಬೆಣ್ಣೆಯಲ್ಲಿ ಹುರಿದ ತುಂಡುಗಳು ಇನ್ನೂ ಚರಚರ ಅನ್ನುತ್ತಿದ್ದವು. ಪಕ್ಕದಲ್ಲಿ ಹಾಲಿನ ಗೊಜ್ಜಿನಲ್ಲಿ ಮುಳುಗಿದ ಆಲೂಗಡ್ಡೆ. "ಏನಪ್ಪಾ ಎಸ್ಕಿಲ್," ಎಂದಳು ಎಲ್ನಾ, "ನೀನು ಹೊದಿಸಿದ ಚಾವಣಿ ಇನ್ನೂ ಸೋರಿಲ್ಲ. ನಿನ್ನ ಹೊಟ್ಟೆ ಹೇಗಿದೆ, ಅದನ್ನ ಇವತ್ತು ನೋಡ್ತೀನಿ. ಈ ಮೇಜಲ್ಲಿ ಹೋಲ್ಗರ್ ಎರಡು ಸುತ್ತು ಮುಗಿಸ್ತಿದ್ದ."

ಸುತ್ತು ಅಂದರೆ ಮೂಳೆಯ ಸುತ್ತು. ಹಾವುಮೀನು ತಿನ್ನುವವನು ನಡುಮೂಳೆಗಳನ್ನು ಬಿಡಿಸಿ ತನ್ನ ತಟ್ಟೆಯ ಅಂಚಿನುದ್ದಕ್ಕೂ ಒಂದರ ಪಕ್ಕ ಒಂದು ಜೋಡಿಸುತ್ತ ಹೋಗಬೇಕು. ಮೊದಲ ಮೂಳೆಗೆ ಕೊನೆಯ ಮೂಳೆ ತಾಗಿದರೆ ಊಟ ಮಾಡಿದ ಹಾಗೆ. ಇಲ್ಲದಿದ್ದರೆ ಹುಷಾರಿಲ್ಲವಾ ಎಂದು ಅಕ್ಕಪಕ್ಕದ ಮೇಜಿನವರೂ ಕೇಳುತ್ತಾರೆ.

ಮೊದಲ ತುಂಡು ಬಾಯಿಗಿಟ್ಟೆ. ಆ ಕೊಬ್ಬಿನ ವಾಸನೆ ಮೂಗಿಗೆ ಹೊಡೆದದ್ದೇ ತಡ, ಐವತ್ತು ವರ್ಷ ಎಲ್ಲಿಗೋ ಹಾರಿಹೋಯಿತು. ಅಮ್ಮನ ಅಡುಗೆಮನೆಯಲ್ಲಿ ಕೂತು ಕಣ್ಣೀರು ಹಾಕುತ್ತ ನುಂಗಿದ್ದು ನೆನಪಾಯಿತು. ಹೇಗೋ ಎರಡು ತುಂಡು ನುಂಗಿದೆ. ಮೂರನೆಯದು ಗಂಟಲಲ್ಲಿ ಇಳಿಯಲೇ ಇಲ್ಲ. ಕೆಮ್ಮಿದ ಹಾಗೆ ಮಾಡಿ ಕರವಸ್ತ್ರಕ್ಕೆ ಉಗಿದು, ಕರವಸ್ತ್ರವನ್ನು ಕೋಟಿನ ಜೇಬಿಗೆ ತುರುಕಿದೆ. ನಾಲ್ಕನೆಯದು, ಐದನೆಯದು ಬಾಯಿಗೇ ಹೋಗಲಿಲ್ಲ, ನೇರ ಜೇಬಿಗೆ.

ಆದರೆ ಮೂಳೆ? ಇಡೀ ತುಂಡು ಜೇಬಿಗೆ ಹೋದರೆ ಅಂಚಿನ ಮೇಲೆ ಇಡುವುದು ಏನನ್ನು? ನನ್ನ ತಟ್ಟೆಯಲ್ಲಿ ಬರೀ ಎರಡು ಮೂಳೆ ಭಿಕ್ಷುಕರ ಹಾಗೆ ಕೂತಿದ್ದವು. ಟೀರಾಳ ತಟ್ಟೆಯಲ್ಲೋ, ಅರ್ಧ ಸುತ್ತು ಆಗಲೇ ಮುಗಿದಿತ್ತು. ಆ ಹೆಂಗಸಿಗೆ ಹಾವುಮೀನೆಂದರೆ ಪ್ರಾಣ. ಕಣ್ಣು ಮುಚ್ಚಿ, ತಲೆ ಆಡಿಸುತ್ತ ತಿನ್ನುತ್ತಾಳೆ. ಅವಳು ಕಣ್ಣು ಮುಚ್ಚಿದಾಗಲೆಲ್ಲ ನಾನು ನ್ಯಾಪ್‌ಕಿನ್ನಿನ ಮರೆಯಲ್ಲಿ ಕೈ ಚಾಚಿ, ಹೆಬ್ಬೆರಳಿನಿಂದ ಅವಳ ಅಂಚಿನ ಒಂದು ಮೂಳೆ ಎಳೆದು ನನ್ನ ತಟ್ಟೆಗೆ ಸಾಗಿಸಿದೆ. ಒಂದು. ಎರಡು. ನಾಲ್ಕು. ಇಷ್ಟು ವರ್ಷ ಬದುಕಿ ಕಡೆಗೆ ಮೀನಿನ ಮೂಳೆ ಕದಿಯುವ ಸ್ಥಿತಿಗೆ ಬಂದೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು. ಆದರೂ ಕೈ ನಿಲ್ಲಲಿಲ್ಲ.

"ಇದೇನಿದು," ಎಂದಳು ಟೀರಾ ಒಂದು ಹೊತ್ತಿಗೆ, ತಟ್ಟೆ ನೋಡಿ ಹುಬ್ಬು ಗಂಟಿಕ್ಕಿ. "ಹದಿಮೂರು ತುಂಡು ತಿಂದಿದೀನಿ, ಸುತ್ತು ಅರ್ಧದಿಂದ ಮುಂದಕ್ಕೇ ಹೋಗ್ತಿಲ್ಲ."

"ಮೀನು ಈ ವರ್ಷ ಚಿಕ್ಕವು," ಎಂದೆ.

"ನಿನಗೆ ಮಾತ್ರ ದೊಡ್ಡವು ಸಿಕ್ತಾ? ಆಗಲೇ ಮುಕ್ಕಾಲು ಸುತ್ತು ಮಾಡಿದೀಯ. ನೋಡಿದ್ಯಾ ಮೆರೆಟೆ, ಗಂಡಸು ಅಂದ್ರೆ ಹೀಗೆ ತಿನ್ನಬೇಕು."

ಮೆರೆಟೆ ಒಂದು ತುಂಡು ನುಂಗಿ, ಒಂದು ಗುಟುಕು ನೀರು ಕುಡಿದು, ಮತ್ತೆ ನನ್ನ ತಟ್ಟೆ ನೋಡಿದಳು. ಟೀರಾ ಎದ್ದು, ಎಲ್ನಾಗೆ ದೊಡ್ಡ ತುಂಡುಗಳನ್ನೇ ಆರಿಸಿಕೊಡು ಎನ್ನುತ್ತೇನೆ ಎಂದು ಅಡುಗೆಮನೆ ಕಡೆ ನಡೆದಳು.

ಅವಳು ಮರೆಯಾಗುವುದನ್ನೇ ಕಾಯುತ್ತಿದ್ದವಳ ಹಾಗೆ ಮೆರೆಟೆ ಮುಂದಕ್ಕೆ ಬಾಗಿದಳು. "ನಿಮ್ಮ ಜೇಬು ಸೋರ್ತಿದೆ."

ನೋಡಿಕೊಂಡೆ. ಬೂದು ಬಣ್ಣದ ಒಳ್ಳೆಯ ಕೋಟಿನ ಜೇಬಿನ ಕೆಳಗೆ ಅಂಗೈಯಗಲ ಬೆಣ್ಣೆಯ ಕಲೆ ಇಳಿದಿತ್ತು. ಮುಗಿಯಿತು ಕಥೆ, ಇನ್ನು ಭಾನುವಾರದ ಕಾಫಿಯೂ ಇಲ್ಲ ಎಂದುಕೊಂಡೆ.

"ಮೂಳೆನೂ ಅಮ್ಮಂದು," ಎಂದಳು. "ಆರು ಎಣಿಸಿದೆ."

"ಏಳು," ಎಂದೆ. ಸಿಕ್ಕಿಬಿದ್ದ ಮೇಲೆ ಇನ್ನೇನು ನಾಚಿಕೆ. "ನನಗೆ ಹಾವುಮೀನು ಸೇರಲ್ಲ ಕಣಮ್ಮಾ. ಸಣ್ಣವನಿದ್ದಾಗ ಅದನ್ನೇ ತಿಂದು ತಿಂದು ಜೀವ ಬೇಸತ್ತಿದೆ. ನಿಮ್ಮಮ್ಮ ಕೇಳಿದಾಗ ಸುಳ್ಳು ಹೇಳಿದೆ. ಆಮೇಲೆ ನಿಜ ಹೇಳೋಕೆ ಧೈರ್ಯ ಬರಲಿಲ್ಲ. ಇವತ್ತು ಇದನ್ನ ತಿನ್ನದಿದ್ರೆ ನೀವು ಒಪ್ಪಲ್ಲ, ನೀವು ಒಪ್ಪದಿದ್ರೆ ಅವಳು ನನ್ನನ್ನ ಕರ್ಕೊಳ್ಳಲ್ಲ. ಇಷ್ಟೇ ವಿಷಯ. ಈಗ ಬೈಯೋದಿದ್ರೆ ಬೈರಿ."

ಅವಳು ಬೈಯಲಿಲ್ಲ. ಮುಖ ಬಿಳಿಚಿಕೊಂಡಿತ್ತು. "ನ್ಯಾಪ್‌ಕಿನ್ ಮರೆಯಿಂದ ಹೆಬ್ಬೆರಳಲ್ಲಿ ಎಳೆಯೋದು, ಇದನ್ನ ನಿಮಗೆ ಯಾರು ಹೇಳಿಕೊಟ್ರು?"

"ಕಳ್ಳತನ ಯಾರಾದ್ರೂ ಹೇಳಿಕೊಡ್ತಾರಾ? ಕೈ ಹಾಗೆ ಹೋಯ್ತು."

"ಅಮ್ಮ ಹೇಳಿದ್ಲಾ?"

"ಅವಳಿಗೆ ಗೊತ್ತಿದ್ದಿದ್ರೆ ಈ ತಟ್ಟೆ ನನ್ನ ತಲೆ ಮೇಲಿರ್ತಿತ್ತು."

ಮೆರೆಟೆ ಬಾವುಟವನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. "ನಮ್ಮಜ್ಜಿ ಹುಟ್ಟುಹಬ್ಬಕ್ಕೂ ಇಲ್ಲಿಗೇ ಬರ್ತಿದ್ವಿ. ಮಕ್ಕಳೆಲ್ಲ ಸುತ್ತು ಮುಗಿಸಲೇಬೇಕು, ಮುಗಿಸದೆ ಎದ್ದರೆ ಅಜ್ಜಿ ಎಲ್ಲರೆದುರು ಹಂಗಿಸೋಳು. ನನಗೆ ಒಂದು ತುಂಡೂ ಇಳೀತಿರಲಿಲ್ಲ, ಅಳು ಬರ್ತಿತ್ತು. ಅಪ್ಪ ಪಕ್ಕದಲ್ಲಿ ಕೂತು, ಎಲ್ಲರ ಹತ್ರ ಗಾಳಿ ಮಳೆ ವಿಷಯ ಮಾತಾಡ್ತಾ ಮಾತಾಡ್ತಾ, ನನ್ನ ಮೀನು ತಾನು ತಿಂದು, ತನ್ನ ಮೂಳೆ ನನ್ನ ತಟ್ಟೆಗೆ ದಾಟಿಸ್ತಿದ್ದ. ಹೀಗೇ, ಹೆಬ್ಬೆರಳಲ್ಲಿ. ಎರಡು ಸುತ್ತಿನ ಹೋಲ್ಗರ್ ಅಂತಾರಲ್ಲ, ನಂದೂ ಸೇರಿಸಿದ್ರೆ ಮೂರು."

"ಮತ್ತೆ ಈಗ ತಿಂತಿದೀರಲ್ಲ?"

"ಅಮ್ಮನಿಗೆ ನಾನು ಅಪ್ಪನ ಥರಾನೇ ಹಾವುಮೀನಿನ ಹುಚ್ಚಿ ಅಂತ ಹೆಮ್ಮೆ. ಅಪ್ಪ ಹೋದ್ಮೇಲೆ ಸುಳ್ಳು ಹೇಳೋಕೆ ಜೊತೆ ಇಲ್ಲ. ನಾಲ್ಕು ವರ್ಷದಿಂದ ನುಂಗ್ತಿದೀನಿ." ಅಷ್ಟು ಹೇಳುವಷ್ಟರಲ್ಲಿ ದನದ ಡಾಕ್ಟರ ಕಣ್ಣು ತುಂಬಿಬಿಟ್ಟಿತು. ಅದನ್ನು ನೋಡಿ ನನ್ನ ಕಣ್ಣೂ ತುಂಬಿತು, ಮುದುಕನಾದ ಮೇಲೆ ಅದೊಂದು ರೋಗ. ಅವಳ ತಟ್ಟೆಯಲ್ಲಿ ಉಳಿದಿದ್ದ ಎರಡು ತುಂಡುಗಳನ್ನು ತೆಗೆದು ನಾನೇ ಜೇಬಿಗೆ ಹಾಕಿಕೊಂಡೆ. ಕೋಟು ಹೇಗಿದ್ದರೂ ಕೆಟ್ಟಿತ್ತು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗಲು ಶುರುಮಾಡಿದಳು, ನಿಲ್ಲಿಸಲಾಗಲಿಲ್ಲ.

ಟೀರಾ ಬಂದು ನಿಂತದ್ದು ಆಗಲೇ. "ಏನಾಯ್ತು?"

"ಅಮ್ಮ, ಕೂತ್ಕೋ," ಎಂದಳು ಮೆರೆಟೆ. "ನಾನು ಹಾವುಮೀನು ತಿನ್ನಲ್ಲ. ಸಣ್ಣವಳಿದ್ದಾಗಲೂ ತಿಂತಿರಲಿಲ್ಲ. ಅಪ್ಪ ತಿಂತಿದ್ದ."

ಎಲ್ಲವನ್ನೂ ಹೇಳಿದಳು. ಟೀರಾಳ ಮುಖ ಮೊದಲು ಕೆಂಪಾಯಿತು, ಆಮೇಲೆ ಸಪ್ಪಗಾಯಿತು. "ಇಷ್ಟು ವರ್ಷ ಆ ಮನುಷ್ಯ ನನಗೊಂದು ಮಾತು ಹೇಳಲಿಲ್ಲ ನೋಡು," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀನ್ಯಾಕೆ ತಲೆ ತಗ್ಗಿಸಿ ಕೂತಿದೀಯ?"

ನಾನು ಅಂಚಿನಿಂದ ಏಳು ಮೂಳೆಗಳನ್ನು ಒಂದೊಂದಾಗಿ ಎತ್ತಿ ಅವಳ ತಟ್ಟೆಗೆ ಇಟ್ಟೆ. ಸುತ್ತು ಮುಚ್ಚಿಕೊಂಡಿತು.

"ಹಾಳಾದವನೇ," ಎಂದಳು. "ಅಡುಗೆಮನೇಲಿ ಎಲ್ನಾನ ಬೈದು ಬಂದೆನಲ್ಲೋ, ಮೂಳೆ ಇಲ್ಲದ ಮೀನು ಹಾಕಿದೀಯ ಅಂತ."

ಎಲ್ನಾ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ. "ಹಾಗಾದ್ರೆ ಇವರಿಬ್ಬರಿಗೂ ಏನು ಕೊಡ್ಲಿ?" ಎಂದಳು.

"ಚಪ್ಪಟೆ ನಂಗುಮೀನು," ಎಂದಳು ಮೆರೆಟೆ, ನನ್ನನ್ನು ಕೇಳದೆಯೇ. "ಇಬ್ಬರಿಗೂ. ಬೆಣ್ಣೆ ಜಾಸ್ತಿ ಇರಲಿ."

ನಂಗುಮೀನು ತಟ್ಟೆ ತುಂಬ ಬಂತು, ಗರಿಗರಿಯಾಗಿ, ಮೇಲೆ ನಿಂಬೆಹಣ್ಣಿನ ಹೋಳು. ಇಬ್ಬರೂ ಮೂರು ದಿನ ಉಪವಾಸ ಇದ್ದವರ ಹಾಗೆ ತಿಂದೆವು. ಟೀರಾ ತನ್ನ ಹಾವುಮೀನು ಬಿಡಲಿಲ್ಲ, ಎರಡನೇ ಸುತ್ತು ಶುರುಮಾಡಿದ್ದಳು. ಮನೆಯ ಮಾತನ್ನು ಯಾರು ಎತ್ತಬೇಕು? ಕಾಫಿ ಬರುವವರೆಗೂ ಸುಮ್ಮನಿದ್ದರೆ ಆಯಿತು, ಇವತ್ತು ಇಷ್ಟಾದದ್ದೇ ಹೆಚ್ಚು ಎಂದು ಸಮಾಧಾನ ಮಾಡಿಕೊಂಡೆ.

ಮೆರೆಟೆ ಮೀನಿನ ಮುಳ್ಳು ಬಿಡಿಸುತ್ತ, ತಲೆ ಎತ್ತದೆ ಹೇಳಿದಳು. "ಅಪ್ಪನ ಮಳೆಕೋಟು ಇನ್ನೂ ಬಾಗಿಲ ಪಕ್ಕದ ಗೂಟದಲ್ಲೇ ನೇತಾಡ್ತಿದೆ. ಶನಿವಾರ ಬಂದು ನಾನು ತಗೊಂಡು ಹೋಗ್ತೀನಿ, ನನ್ನ ಮನೇಲಿ ಇಟ್ಕೋತೀನಿ." ಆಮೇಲೆ ನನ್ನ ಕಣ್ಣನ್ನೇ ನೋಡಿದಳು. "ನಿಮಗೆ ಒಂದು ಗೂಟ ಸಾಕಾ?"

ಟೀರಾ ಫೋರ್ಕನ್ನು ಕೆಳಗಿಟ್ಟಳು. ತಟ್ಟೆಯಲ್ಲಿ ಹಾವುಮೀನು ಬಿಸಿಯಾಗಿರುವಾಗ ಅವಳು ಫೋರ್ಕು ಬಿಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಸಾಕಮ್ಮಾ," ಎಂದೆ. "ನನ್ನದು ಇರೋದೇ ಎರಡು ಕೋಟು. ಒಂದು ಇವತ್ತು ಹಾಳಾಯ್ತು."