ಕೆಮ್ಮಣ್ಣು ಬಳಿದ ಒಲೆ

ನಾನು ಒಂದು ತಗಡಿನ ಒಲೆ. ಹುಟ್ಟಿದ್ದು ಬೆಟಗೇರಿಯ ತಗಡು ಕೆಲಸದ ಅಂಗಡಿಯಲ್ಲಿ. ಅದಕ್ಕೂ ಮೊದಲು ಎಣ್ಣೆಯ ಡ್ರಮ್ಮಾಗಿದ್ದೆ. ಅಂಗಡಿಯವನು ನನ್ನನ್ನು ಅಡ್ಡ ಕತ್ತರಿಸಿ, ಬಾಯಿ ಕೊರೆದು, ಮೂರು ಕಾಲು ಬೆಸೆದು, ಒಳಗೆ ಮಣ್ಣು ಮೆತ್ತಿ, "ನೋಡಪಾ, ಇನ್ನ ಹೊಟ್ಟಿ ಉರಿಯೂದs ನಿನ್ನ ಕಸಬು" ಎಂದು ಬೆನ್ನಿಗೆ ಎರಡು ಏಟು ಹಾಕಿ ಕಳಿಸಿದ. ಹೊಟ್ಟೆಯುರಿ ಇಟ್ಟುಕೊಂಡೂ ನಾಲ್ಕು ಮಂದಿಗೆ ಬೇಕಾಗಿ ಬದುಕಿದ್ದು ನಾನೊಬ್ಬನೇ ಇರಬೇಕು.

ಮೊದಲ ಏಳು ವರ್ಷ ಚನ್ನವೀರಪ್ಪನ ಮಿರ್ಚಿ ಗಾಡಿಯ ಮೇಲಿದ್ದೆ. ಅವನು "ಬಿಸಿಬಿಸೀ ಮಿರ್ಚೀ" ಎಂದು ರಾಗ ಎಳೆದರೆ, ಬಾಣಲೆ "ಚುರ್ರ್" ಎಂದು ತಾಳ ಹಾಕುತ್ತಿತ್ತು. ಗಾಡಿಗೆ ಗ್ಯಾಸ್ ಬಂದ ದಿನ ನನ್ನನ್ನು ಹಿಂದಿನ ಓಣಿಯ ನೀಲವ್ವನಿಗೆ ಹಾಗೇ ಕೊಟ್ಟುಬಿಟ್ಟ. ಆಗಲೇ ಒಂದು ಕಾಲು ಮುರಿದಿತ್ತು. ಅದರ ಜಾಗಕ್ಕೆ ಅರ್ಧ ಇಟ್ಟಿಗೆ ಇಟ್ಟರು.

ನೀಲವ್ವ ನೇಕಾರರ ಮನೆಗಳಲ್ಲಿ ಕಂಡಿಕೆಗೆ ನೂಲು ಸುತ್ತುವವಳು. ಮನೆಯೆಂದರೆ ಒಂದೇ ಕೋಣೆ, ನಡುವೆ ಜೋಳದ ದಂಟಿನ ತಟ್ಟಿ. ತಟ್ಟಿಯ ಈಚೆ ನಾನು, ಆಚೆ ಸೀರೆಯ ಜೋಳಿಗೆಯಲ್ಲಿ ಎಂಟು ತಿಂಗಳ ಕೂಸು ಚಂಪಾ. ನನ್ನನ್ನು ಜರುಗಿಸೋಣವೆಂದರೆ ಜಾಗವಿಲ್ಲ.

ತಟ್ಟಿಯ ಕಡೆಗಿದ್ದ ನನ್ನ ಬೆನ್ನಿನ ತಗಡು ತುಕ್ಕು ತಿಂದು ಹಪ್ಪಳವಾಯಿತು. ಮೊದಲು ಸೂಜಿಯಷ್ಟು ತೂತು, ಆಮೇಲೆ ಬೆರಳು ಹೋಗುವಷ್ಟು, ಕೊನೆಗೆ ಅಂಗೈಯಷ್ಟು. ಕಟ್ಟಿಗೆ ಸಿಡಿದಾಗಲೆಲ್ಲ ಕಿಡಿ ಹಿಂದಿನಿಂದ ಹಾರುತ್ತಿತ್ತು. ಒಮ್ಮೆ ದಂಟು ಕರಕಾಗಿ ಹೊಗೆಯಾಡಿತು. ನೀಲವ್ವ ಅಕ್ಕಿ ತೊಳೆದ ನೀರು ಎರಚಿ ಆರಿಸಿದಳು. ಅಂದಿನಿಂದ ಆಕೆ ರೊಟ್ಟಿ ಬಡಿಯುವಾಗ ಒಂದು ಕಣ್ಣು ಹಂಚಿನ ಮೇಲೆ, ಒಂದು ಕಣ್ಣು ನನ್ನ ಬೆನ್ನಿನ ಮೇಲೆ. ನಾನಂತೂ ಕೂಸು ಕೆಮ್ಮಿದರೆ ಸಾಕು, ಒಳಗೇ ತಣ್ಣಗಾಗುತ್ತಿದ್ದೆ.

ಅಷ್ಟರಲ್ಲಿ ಸುದ್ದಿ ಬಂತು: ಒಂದು ಸಂಸ್ಥೆಯವರು ಅಪಾಯದ ಒಲೆಗಳನ್ನು ನೋಡಿ, ಬಡವರಿಗೆ ಹೊಸದು ಕೊಡುತ್ತಾರೆ. ಓಣಿಯಲ್ಲಿ ನಲವತ್ತು ಮನೆ. ಬಂದಿರುವ ಒಲೆ ಹದಿನಾರು.

ನೋಡಲು ಬರುವ ದಿನ ನೀಲವ್ವ ಕೆಲಸಕ್ಕೆ ಹೋಗಿದ್ದಳು. ಮನೆಯಲ್ಲಿದ್ದದ್ದು ಆಕೆಯ ಅತ್ತೆ ತುಂಗವ್ವ. ಮುದುಕಿ ಸೊಂಟಕ್ಕೆ ಸೆರಗು ಸಿಕ್ಕಿಸಿ, "ಮಂದಿ ಬರೂ ಹೊತ್ತಿಗೆ ಒಲಿ ಹಿಂಗ ಹೊಲಸ ಇರಬೇಕೇನು?" ಎಂದು ಕೆಮ್ಮಣ್ಣು ಕಲಸಿ ನನ್ನ ಮೈತುಂಬ ಬಳಿದಳು. ತೂತಿಗೆ ಹಳೆಯ ಅರಿವೆ ತುರುಕಿ, ಮೇಲೆ ಮಣ್ಣು ಮೆತ್ತಿ ಸವರಿದಳು. ಸುಣ್ಣದ ಗೆರೆ ಎಳೆದಳು. ಕುಂಕುಮ ಇಟ್ಟಳು. ಇಷ್ಟು ಚೆಂದ ನಾನು ಹುಟ್ಟಿದಾಗಲೂ ಇರಲಿಲ್ಲ. ಇಷ್ಟು ಹೆದರಿಕೆಯೂ ಎಂದೂ ಆಗಿರಲಿಲ್ಲ.

ಸಂಸ್ಥೆಯ ಕಲ್ಲಯ್ಯ ಸರ್ ಬಂದರು. ಕನ್ನಡಕ ಮೂಗಿನ ತುದಿಯಲ್ಲಿ, ಮಾತಿಗೊಮ್ಮೆ "ಹೂಂ". ಬಗ್ಗಿದರು, "ಹೂಂ." ಎದ್ದರು, "ಹೂಂ."

"ಒಲಿ ಹೆಂಗೈತಿ ಅಜ್ಜಿ?"

"ಭಾಳ ಛಲೋ ಐತ್ರಿ ಸರ್! ಈ ಓಣ್ಯಾಗ ಇಂಥಾ ಒಲಿ ತೋರಸ್ರಿ ನೋಡೂಣು."

ಅವರು ಹಾಳೆಯಲ್ಲಿ 'ಸುಸ್ಥಿತಿ' ಎಂದು ಬರೆದರು. ಅದೇ ಹೊತ್ತಿಗೆ ನೀಲವ್ವ ಏದುಸಿರು ಬಿಡುತ್ತ ಬಂದಳು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು.

"ಅತ್ತೀ, ಏನ್ ಮಾಡಿದ್ರಿ ಇದು? ಸರ್, ಒಳಗ ತೂತ ಬಿದ್ದೈತ್ರಿ. ಮ್ಯಾಲಷ್ಟs ಮಣ್ಣು."

"ಎಲ್ಲಾ ಮನ್ಯಾಗೂ ಹಿಂಗs ಅಂತಾರವ್ವಾ. ನಾ ಕಂಡದ್ದು ಬರೀಬೇಕು, ಹೂಂ" ಎಂದು ಚೀಲ ಹೆಗಲಿಗೇರಿಸಿದರು.

"ಚಾ ಕುಡೀದs ಹೊಂಟ್ರೇನು? ನಮ್ಮನಿ ಮರ್ಯಾದಿ ಏನಾತು?" ತುಂಗವ್ವ ಬಾಗಿಲಿಗೆ ಅಡ್ಡ ನಿಂತಳು. ಅವರು ಬೇಡ ಎಂದರು. ಕೈ ಮುಗಿದರು. ಮುದುಕಿ ಕೇಳಲಿಲ್ಲ, ಅವರನ್ನು ಕೂರಿಸಿ, ನೀರಿಟ್ಟು, ನನ್ನ ಬಾಯಿಗೆ ಒಣ ಕಟ್ಟಿಗೆ ತುರುಕಿ ಊದಿದಳು.

ನನಗೆ ಒಂದೇ ಆಸೆ: ಈಗಲೇ, ಇವರ ಕಣ್ಣೆದುರೇ ಒಡೆಯಬೇಕು. ಒಂದೇ ಭಯ: ಒಡೆದರೆ ಬೆಂಕಿ ಹೋಗುವುದು ಕೂಸಿನ ಕಡೆಗೆ. ಬಿರುಕಿಗೆ ದಿಕ್ಕು ಆರಿಸಿಕೊಳ್ಳುವ ಹಕ್ಕಿಲ್ಲ.

ಹಸಿ ಮಣ್ಣು ಬುಸ್ಸೆಂದು ಹಬೆಯಾಡಿತು. ಸುಣ್ಣದ ಗೆರೆ ಸೀಳಿತು. ತೂತಿನ ಅರಿವೆಗೆ ಬೆಂಕಿ ಹತ್ತಿ, ಮಣ್ಣು ಹೆಂಟೆಹೆಂಟೆಯಾಗಿ ಉದುರಿತು. ನಾಲಿಗೆಯಷ್ಟು ಜ್ವಾಲೆ ಹಿಂದಿನಿಂದ ಹೊರಬಿದ್ದು ತಟ್ಟಿಯನ್ನು ನೆಕ್ಕಿತು. ದಂಟು ಚಟಚಟ ಎಂದಿತು.

"ಚಂಪಾ!" ನೀಲವ್ವ ತಟ್ಟಿಯನ್ನು ಸುತ್ತಿ ಓಡಿ, ಜೋಳಿಗೆಯಿಂದ ಕೂಸನ್ನು ಸೆಳೆದು ಎದೆಗೆ ಅವಚಿಕೊಂಡಳು. ಕಲ್ಲಯ್ಯ ಸರ್ ಚಹದ ನೀರಿನ ಪಾತ್ರೆಯನ್ನು ಬರಿಗೈಯಲ್ಲೇ ಎತ್ತಿ ತಟ್ಟಿಗೆ ಎರಚಿದರು. ಅದರ ಹಿಂದೆಯೇ ಒಂದು ಕೊಡ ನೀರು. ಬೆಂಕಿ ಆರಿತು. ಕೂಸು ಅತ್ತಿತು. ಅಳುವುದು ಕೇಳಿಸಿದ ಮೇಲೆಯೇ ನನಗೆ ಜೀವ ಬಂದದ್ದು.

ತುಂಗವ್ವ ಕರಿ ತಟ್ಟಿಯನ್ನೇ ನೋಡುತ್ತ, "ಚಾ ಆಗ್ಲಿಲ್ರೀ ಸರ್..." ಎಂದಳು. ಆಮೇಲೆ ನೆಲಕ್ಕೆ ಕುಸಿದು ಅತ್ತಳು.

ಕಲ್ಲಯ್ಯ ಸರ್ ಬೊಬ್ಬೆ ಎದ್ದ ಕೈಯಿಂದಲೇ 'ಸುಸ್ಥಿತಿ' ಎಂಬ ಪದ ಹೊಡೆದುಹಾಕಿದರು. ಆಮೇಲೆ ಹಾಳೆ ಹಿಂದಕ್ಕೆ ತಿರುವಿದರು. "ಅಜ್ಜಿ, ಇದಕ್ಕೂ ಮೊದಲ ಒಂಬತ್ತು ಮನ್ಯಾಗ ಸುಸ್ಥಿತಿ ಅಂತ ಬರದೀನಿ. ಅವೂ ಹಿಂಗs ಕೆಂಪಗ, ಚೆಂದಗ ಇದ್ವು." ಈ ಸಲ "ಹೂಂ" ಬರಲಿಲ್ಲ.

ತುಂಗವ್ವ ಕಣ್ಣೊರೆಸಿಕೊಂಡು ಬಟ್ಟೆ ಬಡಿಯುವ ಕೊಡತಿ ಹಿಡಿದು ಎದ್ದಳು. ಅವರ ಮುಂದೆ ಮುಂದೆ ಮನೆಮನೆಗೆ ನುಗ್ಗಿ, "ಮಣ್ಣು ಕೆರೀರೇ ಯವ್ವಾ, ನಾಚಬ್ಯಾಡ್ರಿ! ನನ್ನಂಗ ಮಾಡಬ್ಯಾಡ್ರಿ!" ಎಂದು ಒಲೆಗಳ ಮೈ ಬಡಿಯುತ್ತ ಹೋದಳು.

ಎಂಟು ದಿನಕ್ಕೆ ನನ್ನ ಜಾಗಕ್ಕೆ ಹೊಸ ಒಲೆ ಬಂತು, ಗಟ್ಟಿ ಬೆನ್ನಿನದು. ನಾನು ಗುಜರಿ ಅಂಗಡಿಗೆ ಬಂದೆ. ಮಳೆ ಬಿದ್ದರೂ ಇಲ್ಲಿ ಹೆದರಿಕೆಯಿಲ್ಲ. ಇನ್ನು ತುಕ್ಕು ಹಿಡಿದರೆ ನಷ್ಟ ಯಾರಿಗೆ?

ಆದರೆ ಓಣಿಯ ಲೆಕ್ಕ ನನಗೆ ಗೊತ್ತು. ಬಡಿದು ನೋಡಿದಾಗ ಸಿಕ್ಕ ತೂತಿನ ಒಲೆಗಳು ಹದಿನೆಂಟು. ನನ್ನನ್ನೂ ಸೇರಿಸಿ ಇಲ್ಲಿ ರಾಶಿ ಬಿದ್ದವರು ಹದಿನಾರು. ಉಳಿದೆರಡು ಮನೆಗೆ ಮುಂದಿನ ಸಲ ಎಂದಿದ್ದಾರಂತೆ. ಗೇಟಿನ ಹೊರಗೆ ಕೈಗಾಡಿ ನಿಂತಾಗಲೆಲ್ಲ ಇಣುಕುತ್ತೇನೆ. ಹಳೆಯ ಸೈಕಲ್ಲು ಬರುತ್ತದೆ, ಫ್ಯಾನು ಬರುತ್ತದೆ, ಆ ಎರಡು ಬಂದಿಲ್ಲ. ಬಿಸಿಲು ಏರುತ್ತಿದೆ. ಆ ಮನೆಗಳಲ್ಲಿ ಈಗ ರೊಟ್ಟಿ ಬಡಿಯುವ ಹೊತ್ತು.