ಹನ್ನೆರಡನೇ ಮುಚ್ಚಳ

ಟಕ್ — ಅದು ಒಂಬತ್ತನೆಯ ಬಾಟಲಿ, ಕಿಟಕಿ ಪಕ್ಕದ್ದು, ಮುಚ್ಚಳದ ಹೊಟ್ಟೆ ಒಳಕ್ಕೆ ಸೆಳೆದುಕೊಂಡಿತು, ಪಕ್ಕದ ಕೋಣೆಯಿಂದ ಪುಟ್ಟಿ ಕೂಗಿದಳು, ಒಂಬತ್ತೂ ಮಾವಾ, ನಾನು ಕೂಗಿದೆ, ನಿನ್ನ ಕಿವಿ ಕಿವಿಯಲ್ಲಮ್ಮ, ಪೊಲೀಸ್ ನಾಯಿ, ಅವಳು ನಕ್ಕಳು — ಅಕ್ಕನ ಮಗಳು, ಅಕ್ಕನ ಮಂಚದ ಮೇಲೆ ಅಕ್ಕನ ಹಾಗೇ ಕಾಲು ಚಾಚಿ ಕೂತಿದ್ದಾಳೆ, ಮಡಿಲಲ್ಲಿ ಹನ್ನೆರಡು ಬೆಳ್ಳುಳ್ಳಿ ಎಸಳು, ಒಂದು ಟಕ್ ಕೇಳಿಸಿದರೆ ಒಂದು ಎಸಳು ಎಡಗಡೆಯಿಂದ ಬಲಗಡೆಗೆ, ಇದು ಅಕ್ಕ ಹಾಕಿಕೊಟ್ಟ ಪದ್ಧತಿ, ಅವಳಿಗೆ ಮಂಡಿನೋವಿತ್ತು, ಒಲೆ ಮುಂದೆ ನಿಲ್ಲಲಾರದವಳು, ಹೆಚ್ಚುವುದು ಕುದಿಸುವುದು ನನ್ನ ಪಾಲು, ಕೇಳಿಸಿಕೊಳ್ಳುವುದು ಅವಳದಾಗಿತ್ತು. ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ದೊಡ್ಡ ಪಾತ್ರೆಯ ಕುದಿನೀರಲ್ಲಿ ಮುಳುಗಿಸಿ ತೆಗೆದು ಟವೆಲ್ ಮೇಲೆ ಸಾಲಾಗಿ ಇಟ್ಟರೆ ಆರುತ್ತಾ ಆರುತ್ತಾ ಒಂದೊಂದೇ ಟಕ್ ಅನ್ನಬೇಕು, ಅಂದದ್ದು ವರ್ಷವಿಡೀ ಕಪಾಟಿನಲ್ಲಿರಬಹುದು, ಅನ್ನದೇ ಇದ್ದದ್ದು ಕಪಾಟು ಹತ್ತುವ ಹಾಗಿಲ್ಲ ಕಣೋ, ಅವತ್ತೇ ತಿಂದು ಮುಗಿಸಬೇಕು, ಅಕ್ಕ ಹೇಳುತ್ತಿದ್ದಳು, ಈ ಸಾಲ್ಸಾ, ಟೊಮೆಟೊ ಮೆಣಸಿನಕಾಯಿಯ ಚಟ್ನಿಯಂಥದ್ದು, ಮಾಡುವುದನ್ನು ಅವಳು ಅಡುಗೆಗೆ ಹೋಗುತ್ತಿದ್ದ ಮನೆಯಲ್ಲಿ ಕಲಿತು ಬಂದಿದ್ದಳು, ನಮಗೆ ಹೆಸರು ಹೇಳಲು ಎರಡು ವರ್ಷ ಬೇಕಾಯಿತು, ತಿನ್ನಲು ಎರಡು ನಿಮಿಷ. ಇವತ್ತು ಬೆಳಗ್ಗೆಯಿಂದ ಕೈಗೆ ಮೆಣಸಿನಕಾಯಿ ಖಾರ ಹತ್ತಿ ಉರಿಯುತ್ತಿದೆ, ಅದೇನು ಖಾರ ಅಂತೀರಿ, ಕಿಟಕಿಯಲ್ಲಿ ಕೂತ ಕಾಗೆ ಒಂದು ಬೀಜ ನುಂಗಿ ನೇರ ನೀರಿನ ಟ್ಯಾಂಕಿಗೇ ಹಾರಿತು, ಅರ್ಧ ಟ್ಯಾಂಕು ಖಾಲಿ ಮಾಡಿತು, ಪುಟ್ಟಿಯ ಮಗಳಿಗೆ ಹೀಗೆ ಹೇಳಿದೆ, ಆ ಕೂಸು ಟ್ಯಾಂಕು ನೋಡಲು ಓಡಿತು, ಪುಟ್ಟಿ ಬೈದಳು, ಬೊಗಳೆ ಮಾವ, ಮಗುನೂ ಕೆಡಿಸ್ಬೇಡ.

ಟಕ್, ಹತ್ತೂ ಮಾವಾ. ಹತ್ತಮ್ಮಾ. ಹುಳಿ ಕಮ್ಮಿಯಾದರೆ ಬಾಟಲಿಯೊಳಗೇ ವಿಷ ಹುಟ್ಟುತ್ತದಂತೆ, ನಿಂಬೆರಸ ಈ ಸಲ ಎಲ್ಲ ಬಾಟಲಿಗೂ ಎಣಿಸಿ ಹಾಕಿದ್ದೇನೆ, ಎರಡೆರಡು ಚಮಚ, ಬಾಯಿ ಮುಚ್ಚಿಕೊಂಡು, ಹೋದ ವರ್ಷ ಬಾಯಿ ಎಲ್ಲಿ ಮುಚ್ಚಿತ್ತು, ಭಾವ ಬಾಗಿಲಲ್ಲಿ ನಿಂತಿದ್ದರು, ನಾನು ಮೀನಿನ ಕಥೆ ಹೇಳುತ್ತಿದ್ದೆ, ನನ್ನ ಲಾರಿಯನ್ನೇ ಕೆರೆಗೆ ಎಳೆದ ಮೀನು, ಹೇಳುತ್ತಾ ಹೇಳುತ್ತಾ ಹನ್ನೆರಡನೆಯದಕ್ಕೆ ರಸ ಹಾಕಿದೆನೋ ಇಲ್ಲವೋ — ಇಲ್ಲ, ಅದು ಆಮೇಲೆ ಬಂದ ಅನುಮಾನ, ಅವತ್ತು ಅನುಮಾನವೇ ಇರಲಿಲ್ಲ, ಅವತ್ತು ಪಂಥ. ನೋಡ್ತಾ ಇರಿ ಭಾವ, ಹನ್ನೆರಡಕ್ಕೆ ಹನ್ನೆರಡೂ ಟಕ್ ಅನ್ನದಿದ್ರೆ ಅರ್ಧ ಮೀಸೆ ಬೋಳಿಸ್ಕೊಂಡು ಪೇಟೆ ಸುತ್ತಿ ಬರ್ತೀನಿ. ಯಾವ ಕಡೆ ಅರ್ಧ, ಭಾವ ಕೇಳಿದರು, ಕತ್ತರಿ ತರಲು ಎದ್ದೇಬಿಟ್ಟರು. ಹನ್ನೊಂದು ಅಂದವು, ಹನ್ನೆರಡನೆಯದು ಸುಮ್ಮನೆ ಕೂತಿತು, ಉಬ್ಬಿದ ಹೊಟ್ಟೆ ಹೊತ್ತುಕೊಂಡು, ಕಾಲು ಗಂಟೆ, ಅರ್ಧ ಗಂಟೆ, ಅಕ್ಕ ಒಳಗಿಂದ ಕೂಗಿದಳು, ಲೋ, ಇನ್ನೊಂದು ಎಲ್ಲೋ, ಕತ್ತರಿ ಹಿಡಿದ ಭಾವನ ಹೆಜ್ಜೆ ಸಪ್ಪಳ, ನಾನು ನಾಲಿಗೆಯನ್ನು ಅಂಗುಳಿಗೆ ಒತ್ತಿ ಬಿಟ್ಟೆ. ಟಕ್. ಮುಚ್ಚಳದ್ದಕ್ಕಿಂತ ಚೆನ್ನಾಗಿ. ಭೇಷ್ ಕಣೋ, ಹನ್ನೆರಡು, ಅಂದಳು ಅಕ್ಕ, ಎಸಳು ಬಲಕ್ಕೆ ಹೋಗಿರಬೇಕು, ಭಾವ ಕತ್ತರಿ ಎಸೆದು ಬೆನ್ನಿಗೆ ಗುದ್ದಿದರು, ಎಲ್ಲರೂ ನಕ್ಕರು, ನಾನೂ ನಕ್ಕೆ, ಕಾಫಿ ಕುಡಿದ ಮೇಲೆ ಹೇಳೋಣ ಅಂದುಕೊಂಡೆ, ಕಾಫಿ ಆದಮೇಲೆ ಇನ್ನೊಂದು ಕಥೆ ಶುರುವಾಯಿತು, ಅಷ್ಟರಲ್ಲಿ ಯಾರೋ ಹನ್ನೆರಡನ್ನೂ ಕಪಾಟಿಗೆ ಏರಿಸಿದ್ದರು, ಯಾವುದು ಅದು ಅಂತ ಕೆಳಗಿಂದ ನನಗೂ ಗೊತ್ತಾಗಲಿಲ್ಲ, ಇಳಿಸಿ ಒತ್ತಿ ನೋಡಲೂ ಇಲ್ಲ.

ನಾಲ್ಕು ತಿಂಗಳಾದ ಮೇಲೆ, ಎಲ್ಲರೂ ಕೆಲಸಕ್ಕೆ ಹೋದ ಹೊತ್ತಲ್ಲಿ ಅಕ್ಕ ಒಬ್ಬಳೇ ಒಂದು ಬಾಟಲಿ ತೆರೆದು ಬ್ರೆಡ್ಡಿಗೆ ಹಚ್ಚಿಕೊಂಡು ತಿಂದಳು, ಮರುದಿನ ಆಸ್ಪತ್ರೆಯಲ್ಲಿ ನನ್ನನ್ನು ನೋಡಿ, ಲೋ, ನೀನು ಇಬ್ಬರಿಬ್ಬರು ಕಾಣ್ತೀಯಲ್ಲೋ, ಒಬ್ಬನ್ನ ಸಾಕೋದೇ ಸಾಕಾಗಿತ್ತು, ಅದೇ ಕೊನೆಯ ತಮಾಷೆ, ಆಮೇಲೆ ಮಾತು ತೊದಲಿತು, ರೆಪ್ಪೆ ಇಳಿಯಿತು, ನಾಲಿಗೆ ದಪ್ಪವಾಗಿ ಅಂಗುಳಿಗೆ ಅಂಟಿಕೊಂಡಿತು, ಏನೋ ಹೇಳಲು ನೋಡುತ್ತಿದ್ದಳು, ತುಟಿ ಅಲ್ಲಾಡುವುದು, ನಾಲಿಗೆ ಮಾತ್ರ ಏಳದು. ಡಾಕ್ಟರು ಕೇಳಿದರು, ಮನೇಲಿ ಬಾಟಲಿಗೆ ತುಂಬಿಟ್ಟಿದ್ದು ಏನಾದ್ರೂ ತಿಂದ್ರಾ, ಸರಿಯಾಗಿ ನೆನಪು ಮಾಡ್ಕೊಳ್ಳಿ, ಅದರ ವಿಷ ಅಂತ ಗೊತ್ತಾದ್ರೆ ಅದಕ್ಕೆ ಬೇರೆ ಔಷಧಿ ಇದೆ. ಪುಟ್ಟಿ ಹೇಳಿದಳು, ಸಾಲ್ಸಾ ತಿಂದಿದ್ಲು, ಅದನ್ನ ನಾವೆಲ್ಲ ತಿಂದಿದೀವಿ ಡಾಕ್ಟ್ರೇ, ಹನ್ನೆರಡೂ ಸರಿಯಾಗಿ ಮುಚ್ಚಿದ್ವು, ಅಮ್ಮನೇ ಎಣಿಸಿದ್ಲು. ಎಲ್ಲರೂ ನನ್ನ ಮುಖ ನೋಡಿದರು, ಬಾಟಲಿ ತುಂಬಿದವನು ನಾನು ತಾನೇ, ನಾನು ತಲೆಯಾಡಿಸಿದೆ, ಬರೀ ತಲೆ, ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಜೀವಮಾನದಲ್ಲಿ ಅದೊಂದೇ ಸಲ ನಾನು ಮಾತಿಲ್ಲದೆ ಸುಳ್ಳು ಹೇಳಿದ್ದು. ನಾಲ್ಕನೇ ದಿನ ಹೋದಳು. ಆ ಮೀಸೆ ಈಗ ಇಲ್ಲ, ಪೂರ್ತಿ ತೆಗೆದೆ, ಯಾಕೆ ಅಂತ ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಕಥೆ.

ಟಕ್. ಹನ್ನೊಂದೂ ಮಾವಾ, ಇನ್ನೊಂದು ಎಲ್ಲಿ. ಬರುತ್ತಮ್ಮ, ಮುಚ್ಚಳಕ್ಕೆ ನಾಚಿಕೆ. ಹನ್ನೆರಡನೆಯದು ಒಲೆ ಪಕ್ಕ ಕೂತಿದೆ, ಹೊಟ್ಟೆ ಉಬ್ಬಿಸಿಕೊಂಡು, ಗಾಜು ತಣ್ಣಗಾಗಿದೆ, ಬಾಯಂಚಿನಲ್ಲಿ ಒಂದು ಟೊಮೆಟೊ ಬೀಜ ಸಿಕ್ಕಿಕೊಂಡಿದೆ, ಅಷ್ಟೇ, ಒಂದು ಬೀಜ, ನಿಂಬೆರಸ ಎಷ್ಟು ಎಣಿಸಿದರೇನು, ಹೆಬ್ಬೆರಳಿಟ್ಟು ಒತ್ತಿದೆ, ಒಳಕ್ಕೆ ಹೋಯಿತು — ಟಕ್ — ಬೆರಳು ತೆಗೆದೆ, ಮತ್ತೆ ಮೇಲೆದ್ದಿತು. ಹನ್ನೆರಡೂ! ಆಯ್ತು ಮಾವ, ಅಮ್ಮ ಇದ್ದಿದ್ರೆ ಭೇಷ್ ಅಂತಿದ್ಲು. ಕೂಸು ಓಡಿಬಂದು ಕಪಾಟಿನ ಬಾಗಿಲು ತೆಗೆದು ನಿಂತಿದೆ, ಅಜ್ಜಿ ಹಾಗೆ ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುವ ಕೂಸು, ಒಲೆ ಪಕ್ಕದ ಹನ್ನೆರಡನೆಯದನ್ನೇ ಎತ್ತಿಕೊಂಡಿದೆ, ನನಗೆ ಇದು ಅನ್ನುತ್ತಿದೆ, ನಾನು ಕೂಗಿದೆ, ಪುಟ್ಟೀ, ಈಗ ಟಕ್ ಅಂದದ್ದು ಬಾಟಲಿ ಅಲ್ಲ, ನಾನು. ಹೋಗು ಮಾವ, ಬೊಗಳೆ, ನನ್ನ ಕಿವಿಗೇ ಕೇಳಿಸ್ತಲ್ಲ. ಅಲ್ಲಮ್ಮಾ, ನಾನು ಒತ್ತಿದ್ದು. ನಗುತ್ತಿದ್ದಾಳೆ, ಮೀನು ಲಾರಿ ಎಳೆಯಿತು ಅಂತ ನಲವತ್ತು ವರ್ಷ ಹೇಳಿಕೊಂಡು ಬಂದವನ ಮಾತು ಯಾರು ನಂಬುತ್ತಾರೆ, ಕೂಸಿನ ಕೈಯಿಂದ ಬಾಟಲಿ ಕಿತ್ತುಕೊಂಡೆ, ಅದು ಅತ್ತಿತು, ಮುಚ್ಚಳ ತಿರುವಿ ಪೂರ್ತಿ ಬಚ್ಚಲಿಗೆ ಸುರಿದೆ, ಕೆಂಪಗೆ, ಬೀಜ ಬೀಜವಾಗಿ, ತೂತಿನ ಸುತ್ತ ತಿರುಗಿ ತಿರುಗಿ ಇಳಿಯಿತು. ಮಂಚ ಕಿರುಗುಟ್ಟಿತು, ಪುಟ್ಟಿ ಬಾಗಿಲಿಗೆ ಬಂದಳು, ಎಸಳುಗಳು ನೆಲಕ್ಕೆ ಚೆಲ್ಲಿದವು, ನಗು ಇಲ್ಲ, ಖಾಲಿ ಬಾಟಲಿ ನೋಡಿದಳು, ನನ್ನ ಬೋಳು ಮೇಲ್ದುಟಿ ನೋಡಿದಳು, ತುಂಬಾ ಮೆಲ್ಲಗೆ, ಮಾವ, ಹೋದ ವರ್ಷ ಹನ್ನೆರಡನೇದು? ಈಗ ಹೇಳಬೇಕು, ಒಂದೇ ಮಾತು, ಬಾಯಿ ತೆರೆದೆ, ನಾಲಿಗೆ ಏಳುತ್ತಿಲ್ಲ, ದಪ್ಪವಾಗಿ ಅಂಗುಳಿಗೆ ಅಂಟಿಕೊಂಡಿದೆ, ತುಟಿ ಅಲ್ಲಾಡುತ್ತಿದೆ, ಪುಟ್ಟಿ ಕಾಯುತ್ತಿದ್ದಾಳೆ, ತುಟಿ ಅಲ್ಲಾಡುತ್ತಿದೆ, ನಾಲಿಗೆ ಅಂಗುಳಿನಿಂದ ಬಿಟ್ಟಿತು — ಟಕ್ —