ಸೊನ್ನೆ ಎಂದ ತೋಳು

ಕನ್ನಡಕದಂಗಡಿಯವನ ಎಡ ಮುಂದೋಳಿನಲ್ಲಿ ಮಣಿಕಟ್ಟಿನಿಂದ ಮೊಣಕೈಯವರೆಗೆ ಒಂದೆಳೆ ರೋಮವೂ ಇರಲಿಲ್ಲ. ಬಲದೋಳಿನಲ್ಲಿ ಕರಡಿಯಂತೆ ಕೂದಲಿರುವ ಮನುಷ್ಯನಿಗೆ ಎಡದೋಳು ಬೋಳಾದದ್ದು ಹೇಗೆಂದು ಹೊಸ ಗಿರಾಕಿಗಳು ಕೇಳಿದರೆ ಅವನು ಚೌಕಟ್ಟಿನ ತಿರುಪು ಬಿಗಿಮಾಡುತ್ತಲೇ, “ನನ್ನ ಹೆಂಡತಿ ಕಿತ್ತದ್ದು,” ಎನ್ನುತ್ತಿದ್ದ. ಕೇಳಿದವರು ನಕ್ಕು ಸುಮ್ಮನಾಗುತ್ತಿದ್ದರು. ಅವನು ಹಾಸ್ಯಕ್ಕಲ್ಲ, ಹೆಮ್ಮೆಗೆ ಹಾಗೆನ್ನುತ್ತಿದ್ದನೆಂಬುದು ಅವರಿಗೆ ಹೊಳೆಯುತ್ತಿರಲಿಲ್ಲ.

ಅವನ ಹೆಂಡತಿ ಗಾಯಗಳ ಮೇಲೆ ಹಚ್ಚುವ ಅಂಟುಪಟ್ಟಿಗಳನ್ನು ರೂಪಿಸುವವಳು. ಬಸ್ಸಿನ ಕೊನೆಯ ನಿಲ್ದಾಣದಾಚೆಗಿನ ಕಾರ್ಖಾನೆಯ ಮೇಲುಮಹಡಿಯಲ್ಲಿ ಅವಳ ಪ್ರಯೋಗಶಾಲೆಯಿತ್ತು. ಪಟ್ಟಿ ಬಿಗಿಯಾಗಿ ಹಿಡಿದಿರಬೇಕು, ಚರ್ಮಕ್ಕೆ ಉಸಿರಾಡಲೂ ಬಿಡಬೇಕು, ಕರೆದಾಗ ಮುನಿಸಿಲ್ಲದೆ ಎದ್ದು ಬರಬೇಕು. ಇಂಥ ಗುಣ ಮನೆಯಳಿಯಂದಿರಲ್ಲೇ ಸಿಗುವುದಿಲ್ಲ, ಇನ್ನು ಅಂಟಿನಲ್ಲಿ ಎಲ್ಲಿಂದ ತರಲಿ ಎಂದು ಅವಳು ಹೇಳುವುದಿತ್ತು. ಚರ್ಮವು ಹಗಲಿರುಳೂ ಕಣ್ಣಿಗೆ ಕಾಣದ ಆವಿಯನ್ನು ಹೊರಬಿಡುತ್ತಲೇ ಇರುತ್ತದೆ. ಅದರ ದಾರಿ ಮುಚ್ಚಿದರೆ ಪಟ್ಟಿಯಡಿಯ ಚರ್ಮ ಬಹಳ ಹೊತ್ತು ಪಾತ್ರೆ ತೊಳೆದ ಬೆರಳಿನಂತೆ ಬಿಳಿಚಿಕೊಂಡು ಮೆತ್ತಗಾಗುತ್ತದೆ. ಕೀಳುವಾಗ ಪಟ್ಟಿಯ ಜೊತೆಗೇ ಎದ್ದುಬರುತ್ತದೆ. ಆದಕಾರಣ ಅವಳು ಅಂಟನ್ನು ಗೋಡೆಗೆ ಸುಣ್ಣ ಬಳಿದಂತೆ ಪೂರಾ ಬಳಿಯುತ್ತಿರಲಿಲ್ಲ. ಈರುಳ್ಳಿಯ ಒಳಪೊರೆಯಷ್ಟು ತೆಳುವಾದ ಹಾಳೆಯ ಮೇಲೆ ಅಲೆಅಲೆಯಾದ ಗೆರೆಗಳಲ್ಲಿ ಎಳೆದು, ನಡುವೆ ಬಯಲು ಬಿಡುತ್ತಿದ್ದಳು. ಗೆರೆಗಳು ಒತ್ತಾದರೆ ಉಸಿರು ಕಟ್ಟುವುದು, ವಿರಳವಾದರೆ ಅಂಚು ಏಳುವುದು. ಈ ಎರಡರ ನಡುವಿನ ಕೂದಲೆಳೆಯಷ್ಟು ಜಾಗದಲ್ಲಿ ಅವಳ ಯೌವನ ಕಳೆದಿತ್ತು.

ಪಟ್ಟಿ ಎಷ್ಟು ಉಸಿರಾಡುವುದೆಂದು ತಿಳಿಯಲು ನೀರಿನ ಬಟ್ಟಲ ಬಾಯಿಗೆ ಅದನ್ನು ಬಿಗಿದು, ತಪ್ಪಿಸಿಕೊಂಡ ಆವಿಯನ್ನು ಮರುದಿನ ತೂಕದಿಂದ ಕಂಡುಹಿಡಿಯಬಹುದಾಗಿತ್ತು. ಆದರೆ ಕಿತ್ತರೆ ಬಟ್ಟಲಿಗೆ ನೋಯುವುದಿಲ್ಲ. ನೋವಿನ ಸಾಕ್ಷಿಗೆ ತೋಳು ಬೇಕು. ಕಾರ್ಖಾನೆಯ ಹುಡುಗರ ತೋಳುಗಳ ಮೇಲೆ ಪರೀಕ್ಷೆ ನಡೆದರೂ ಕೊನೆಯ ತೀರ್ಪಿಗೆ ಅವಳು ಮನೆಗೇ ಬರುವಳು. ಮದುವೆಗೆ ಮೊದಲಿನಿಂದಲೂ ಅದು ನಡೆದುಬಂದಿತ್ತು. ಅಕ್ಕ ಮೆಚ್ಚಿದ್ದು ಭಾವನ ಮುಖವನ್ನಲ್ಲ, ಮುಂಗೈಯನ್ನು ಎಂದು ಬಾಮೈದ ಇಂದಿಗೂ ಹಂಗಿಸುತ್ತಿದ್ದ. ಪಟ್ಟಿಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಒಂದೇ ಎಳೆತಕ್ಕೆ ಕಿತ್ತು, ಅವಳು “ಎಷ್ಟು?” ಎನ್ನುವಳು. ಸೊನ್ನೆಯೆಂದರೆ ನೋವೇ ಇಲ್ಲ, ಹತ್ತೆಂದರೆ ತಡೆಯಲಾಗದು. ಅವನು “ಸೊನ್ನೆ,” ಎನ್ನುವನು.

ನೋಯುತ್ತಿರಲಿಲ್ಲವೆಂದಲ್ಲ. ಕೆಲವೊಮ್ಮೆ ಕಣ್ಣಲ್ಲಿ ನೀರೇ ಬರುತ್ತಿತ್ತು. ಆದರೆ ‘ಸೊನ್ನೆ’ ಎಂದ ಕ್ಷಣದಲ್ಲಿ ಅವಳ ಮುಖ ಅರಳುವುದನ್ನು ಕಂಡವನಿಗೆ ಬೇರೆ ಅಂಕೆಗಳು ಮರೆತೇಹೋಗಿದ್ದವು. ಬೇರೆ ಗಂಡಂದಿರು ಹೆಂಡತಿಗೆ ಒಡವೆ ಕೊಡುವರು, ಸೀರೆ ಕೊಡುವರು. ತಾನು ಸೊನ್ನೆಯನ್ನು ಕೊಡುತ್ತಿದ್ದೇನೆಂದು ಅವನು ಒಳಗೊಳಗೇ ಬೀಗುತ್ತಿದ್ದ.

ಹೀಗಿರಲು ಅವಳ ಹೊಸ ಪಟ್ಟಿ ಆಸ್ಪತ್ರೆಯ ವೃದ್ಧರ ವಾರ್ಡಿನಿಂದ ಹಿಂದಕ್ಕೆ ಬಂದಿತು. ಮುದುಕರ ತೆಳುಚರ್ಮ ಅಂಚಿನಲ್ಲಿ ಕಿತ್ತುಬರುತ್ತಿದೆ, ಹಳೆಯ ಗಾಯ ಮಾಯುವ ಮೊದಲೇ ಪಕ್ಕದಲ್ಲಿ ಹೊಸದಾಗುತ್ತಿದೆ ಎಂದು ದಾದಿಯರು ದೂರಿದ್ದರು. ಇನ್ನೊಂದು ಸಲ ಮಾತ್ರ ನೋಡೋಣ, ಅದೂ ತಿರುಗಿ ಬಂದರೆ ಈ ಕೆಲಸ ಬೇರೆಯವರ ಮೇಜಿಗೆ ಹೋಗುತ್ತದೆಂದು ಮೇಲಧಿಕಾರಿ ಸಕ್ಕರೆ ಬೆರೆಸಿದ ದನಿಯಲ್ಲಿ ಹೇಳಿದ. ಆ ಸಂಜೆ ಅವಳು ಗಂಡನ ತೋಳನ್ನು ದೀಪದ ಕೆಳಗೆ ಹಿಡಿದು, ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದಳು.

“ನಿಮ್ಮ ತೋಳು ಪಳಗಿಬಿಟ್ಟಿದೆ ರೀ,” ಎಂದಳು. “ಕಿತ್ತೂ ಕಿತ್ತೂ ಚರ್ಮ ದಪ್ಪ ಆಗಿದೆ. ಇದರ ಮಾತು ಕೇಳಿ ನಾನು ಕೆಟ್ಟೆ.”

ಆ ಮಾತು ಅವನ ಎದೆಗೆ ನಾಟಿತು. ಅವಳಿಗಾಗಿ ಸವೆದದ್ದೇ ತೋಳಿನ ಅಪರಾಧವಾಯಿತು.

ಮರುವಾರ ವಾರ್ಡಿನ ಮೂಲಕ ಹೊಸ ತೋಳೊಂದು ಸಿಕ್ಕಿತು. ಅದರ ಒಡೆಯ ನಿವೃತ್ತ ಫುಟ್‌ಬಾಲ್ ರೆಫರಿ, ಹೆಂಡತಿ ತೀರಿಕೊಂಡವನು. ವಯಸ್ಸೂ ಔಷಧಿಗಳೂ ಸೇರಿ ಅವನ ಚರ್ಮವನ್ನು ಎಣ್ಣೆಕಾಗದದಷ್ಟು ತೆಳುಮಾಡಿದ್ದವು. ಮೊದಲ ದಿನವೇ ಪಟ್ಟಿಯ ಅಂಚು ಎಬ್ಬಿಸುತ್ತಿದ್ದಂತೆ ಅವನು, ಏನಮ್ಮಾ, ನನ್ನ ಚರ್ಮ ಸುಲಿದು ಚಪ್ಪಲಿ ಹೊಲಿಸುವ ಯೋಚನೆಯೇ ಎಂದು ಗದರಿ, ‘ಎಂಟು’ ಎಂದನಂತೆ. ಊಟಕ್ಕೆ ಕುಳಿತಾಗ ಇದನ್ನು ಹೇಳುತ್ತ ಅವಳು ನಕ್ಕ ನಗೆಗೆ ಕೈಯಲ್ಲಿದ್ದ ಲೋಟದ ನೀರು ತುಳುಕಿತು. ಹಿಂದೆಂದೂ ಪರೀಕ್ಷೆಯ ಮಾತೆತ್ತಿ ಅವಳು ಹಾಗೆ ನಕ್ಕದ್ದಿಲ್ಲ.

ಅಂಥ ಬಾಯಿಹರಕನ ಸಹವಾಸ ಬೇಕೇ ಎಂದು ಅವನು ಕೇಳಿದ.

“ಬಾಯಿ ಹರಕಾದ್ರೇನು, ಚರ್ಮ ಬಂಗಾರ,” ಎಂದಳು ಅವಳು.

ಅಂದಿನಿಂದ ಊಟದ ಮೇಜಿನ ಮೇಲೆ ರೆಫರಿಯ ತೋಳು ನಿತ್ಯದ ಅತಿಥಿಯಾಯಿತು. ಅದರ ನರಗಳು ಎಷ್ಟು ಸ್ಪಷ್ಟ, ಅದು ಎಷ್ಟು ಬೇಗ ಕೆಂಪಾಗುತ್ತದೆ, ಗೆರೆಯ ಅಗಲ ಒಂದಿಷ್ಟು ತಗ್ಗಿಸಿದರೂ ಹೇಗೆ ಗುರುತಿಸುತ್ತದೆ. ಮದುವೆಗೆ ಬಂದ ಹೆಣ್ಣಿನ ಗುಣಗಳನ್ನು ದಲ್ಲಾಳಿಯೂ ಹಾಗೆ ಬಣ್ಣಿಸಲಾರ. ಕನ್ನಡಕದಂಗಡಿಯವನು ತುತ್ತನ್ನು ಅಗಿಯದೆ ನುಂಗುತ್ತಿದ್ದ. ಅಂಗಡಿಯಲ್ಲಿ ವಯಸ್ಸಾದವರು ಬಂದರೆ ಅವನ ಕಣ್ಣು ಅವರ ಕಣ್ಣನ್ನು ಬಿಟ್ಟು ತೋಳಿನ ಮೇಲೆ ಓಡುತ್ತಿತ್ತು. ಒಂದು ಬೆಳಗ್ಗೆಯಂತೂ ಸ್ನಾನದ ಮನೆಯಲ್ಲಿ ಹಿಮ್ಮಡಿ ಉಜ್ಜುವ ಕಲ್ಲಿನಿಂದ ಮುಂಗೈಯನ್ನು ತಿಕ್ಕತೊಡಗಿದ. ದಪ್ಪವಾದದ್ದು ತೆಳುವಾಗಬಾರದೇಕೆಂಬುದು ಅವನ ತರ್ಕ. ಹೆಂಡತಿ ಕೆಂಪು ಗೆರೆಗಳನ್ನು ಕಂಡು, ಕಜ್ಜಿಯೇನಾದರೂ ಎದ್ದಿದೆಯೇ, ಹಾಗಿದ್ದರೆ ತನ್ನ ಮಾದರಿಗಳನ್ನು ಮುಟ್ಟಬೇಡಿ ಎಂದಳು.

ಇತ್ತ ರೆಫರಿಯ ಅಂಕೆಗಳು ಇಳಿಯತೊಡಗಿದವು. ಎಂಟು ಆರಾಯಿತು, ಆರು ನಾಲ್ಕಾಯಿತು. ಅವಳು ಗೆರೆಗಳ ತಿರುವನ್ನು ಬದಲಿಸಿದ್ದಳು, ಅಂಚಿನಲ್ಲಿ ಅಂಟನ್ನು ತೆಳುಮಾಡಿದ್ದಳು. ಬಟ್ಟಲಿನ ತೂಕವೂ ಅನುಕೂಲವಾಗಿಯೇ ಬರುತ್ತಿತ್ತು. ಅವಳ ನಡಿಗೆಯಲ್ಲಿ ಹೊಸ ಹುರುಪು ಬಂದಿತು. ರೆಫರಿಗೆ ಓದುವ ಕನ್ನಡಕ ಸಡಿಲವಾಗಿದೆಯೆಂದೂ, ಅಷ್ಟು ಉಪಕಾರ ಮಾಡುವವರಿಗೆ ನಾವೂ ಒಂದಿಷ್ಟು ಮಾಡಬೇಕೆಂದೂ ಅವಳು ಹೇಳಿದಾಗ ಗಂಡ ಬೇಡವೆನ್ನಲಿಲ್ಲ. ವೈರಿಯನ್ನು ಕಣ್ಣಾರೆ ಕಾಣುವ ಆಸೆ ಯಾರಿಗಿಲ್ಲ?

ಪ್ರಯೋಗಶಾಲೆಯಲ್ಲಿ ಸ್ಪಿರಿಟ್ಟಿನ ವಾಸನೆಯಿತ್ತು. ಕಿಟಕಿಯ ಬಳಿಯ ಕುರ್ಚಿಯಲ್ಲಿ ರೆಫರಿ ತೋಳನ್ನು ದಿಂಬಿನ ಮೇಲೆ ಚಾಚಿ, ಪಟ್ಟಾಭಿಷೇಕಕ್ಕೆ ಕುಳಿತವನಂತೆ ಕುಳಿತಿದ್ದ. ಮುದುಕ ಹೊಸದಾಗಿ ಕ್ಷೌರ ಮಾಡಿಸಿಕೊಂಡು, ಅಂಗಿಗೆ ಇಸ್ತ್ರಿ ಹಾಕಿಸಿದ್ದನ್ನು ಕನ್ನಡಕದಂಗಡಿಯವನು ಬಾಗಿಲಲ್ಲೇ ಗಮನಿಸಿದ. ಆ ತೋಳಾದರೋ ಅವನೆಣಿಸಿದಷ್ಟು ಸುಂದರವಾಗೇನೂ ಇರಲಿಲ್ಲ. ಕಲೆಗಳಿಂದ ತುಂಬಿ, ಹಳೆಯ ಭೂಪಟದಂತಿತ್ತು. ಅವನು ನೆಲದ ಮೇಲೆ ಮಂಡಿಯೂರಿ, ಚೀಲ ತೆರೆದು, ಕನ್ನಡಕದ ಕಡ್ಡಿಯನ್ನು ಬಗ್ಗಿಸಲು ಇಕ್ಕಳ ಹುಡುಕತೊಡಗಿದ. ಮೇಲೆ ಅವನ ಹೆಂಡತಿ ಪಟ್ಟಿಯ ಮೂಲೆಯನ್ನು ಎಬ್ಬಿಸಿದಳು.

“ಎಷ್ಟು?”

“ಒಂದು,” ಎಂದ ರೆಫರಿ, ಬೆಣ್ಣೆಯಂಥ ದನಿಯಲ್ಲಿ. “ಒಂದೂ ಇಲ್ಲಮ್ಮ. ನಿನ್ನ ಕೈಗುಣ.”

ನೆಲದಲ್ಲಿದ್ದವನ ಕಣ್ಣೆದುರಿಗೇ ರೆಫರಿಯ ಪಾದಗಳಿದ್ದವು. ಚಪ್ಪಲಿಯೊಳಗೆ ಹತ್ತು ಬೆರಳುಗಳೂ ಒಳಕ್ಕೆ ಮಡಚಿಕೊಂಡು, ಉಗುರುಗಳು ಬಿಳಿಚಿ, ಅಟ್ಟೆಯನ್ನು ಕಚ್ಚಿ ಹಿಡಿದಿದ್ದವು. ಮೇಲೆ ತುಟಿ ನಗುತ್ತಿದ್ದಾಗ ಕೆಳಗೆ ಕಾಲು ಅಳುತ್ತಿತ್ತು.

ಲೋಕದಲ್ಲಿ ಇನ್ನಾರು ಕಂಡಿದ್ದರೂ ಮುದುಕನಿಗೆ ಕಾಲು ಸೆಳೆತವೆಂದುಕೊಳ್ಳುತ್ತಿದ್ದರು. ಕನ್ನಡಕದಂಗಡಿಯವನಿಗೆ ಆ ಬೆರಳುಗಳ ಭಾಷೆ ತಾಯ್ನುಡಿಯಷ್ಟು ಪರಿಚಿತ. ಅವನ ಸೊನ್ನೆಗಳೆಲ್ಲ ಅದೇ ಬಗೆಯಲ್ಲಿ ಕಾಲ್ಬೆರಳುಗಳ ಒತ್ತಿನಿಂದ ಹುಟ್ಟಿದವು. ಮೊದಲು ಬೈದ ಮನುಷ್ಯ ಈಗ ಬೈಯುವುದಿಲ್ಲ, ಎಂಟು ಎಂದವನು ಒಂದೆನ್ನುತ್ತಾನೆ, ಕ್ಷೌರ, ಇಸ್ತ್ರಿ. ತನ್ನ ಹೆಂಡತಿಯ ಮುಖ ಅರಳುವುದನ್ನು ನೋಡಲು ಇನ್ನೊಬ್ಬನೂ ನೋವನ್ನು ನುಂಗಲು ಕಲಿತಿದ್ದಾನೆ! ತೋಳಿನ ಜಾಗವನ್ನು ಕಸಿದುಕೊಂಡದ್ದು ಸಾಲದೆಂದು ಈ ಕಳ್ಳ ಅವನ ಸುಳ್ಳನ್ನೂ ಕದ್ದಿದ್ದ.

ಕನ್ನಡಕವನ್ನು ಸರಿಪಡಿಸಿ ಕೊಟ್ಟು, ಹೆಚ್ಚು ಮಾತಾಡದೆ ಹೊರಟುಬಂದ. ಅಂಗಡಿಯಲ್ಲಿ ಕುಳಿತು ಯೋಚಿಸಿದಷ್ಟೂ ಅವನಿಗೆ ಒಂದು ಕೆಟ್ಟ ಸುಖ ಹತ್ತತೊಡಗಿತು. ತಾನು ಬಾಯಿಬಿಡದಿದ್ದರೆ ಸಾಕು. ಪಟ್ಟಿ ವಾರ್ಡಿಗೆ ಹೋಗುತ್ತದೆ, ಮುದುಕರ ಚರ್ಮ ಕೀಳುತ್ತದೆ, ತಿರುಗಿ ಬರುತ್ತದೆ. ರೆಫರಿಯ ಬಂಗಾರ ಹಿತ್ತಾಳೆಯೆಂದು ಎಲ್ಲರಿಗೂ ತಿಳಿಯುತ್ತದೆ. ಅದರ ಜೊತೆಗೆ ಹೆಂಡತಿಯ ಮೇಜೂ ಹೋಗುತ್ತದೆಂಬುದು ನೆನಪಾದಾಗ ಸುಖಕ್ಕೆ ಕಹಿ ಬೆರೆಯುತ್ತಿತ್ತು. ಬಾಯಿಬಿಟ್ಟರೋ, ನಿಮಗೆ ಹೇಗೆ ಗೊತ್ತೆಂದು ಅವಳು ಕೇಳದೆ ಇರುವವಳಲ್ಲ. ಅತ್ತ ದರಿ, ಇತ್ತ ಪುಲಿ. ಅವನು ಮೌನದ ಕಡೆಗೇ ವಾಲಿದ್ದ.

ಆ ಸಂಜೆ ಅವಳು ಚಪ್ಪಲಿ ಕಳಚುವ ಮೊದಲೇ ಸುದ್ದಿ ಹೇಳಿದಳು: ನಾಳೆಯೇ ಪಟ್ಟಿಗಳು ವಾರ್ಡಿಗೆ ಹೋಗುತ್ತವೆ. ತಟ್ಟೆಯ ಮುಂದೆ ಕುಳಿತು, ಮಾತಿನಲ್ಲಿ ಯಾವ ಕಲ್ಮಷವೂ ಇಲ್ಲದೆ, “ನಿಮ್ಮ ತೋಳಿನ ಮೇಲೆ ಇಷ್ಟು ವರ್ಷದಲ್ಲಿ ಆಗದೇ ಇದ್ದದ್ದು ಅವರ ತೋಳಿನ ಮೇಲೆ ಆಗಿಹೋಯ್ತು ನೋಡಿ,” ಎಂದಳು.

ಧರ್ಮಬುದ್ಧಿ ಅಲುಗಿಸಲಾಗದ ಬಾಯಿಯನ್ನು ಹೊಟ್ಟೆಕಿಚ್ಚು ತೆರೆಸಿತು.

“ಆ ಮನುಷ್ಯ ಸುಳ್ಳು ಹೇಳ್ತಾನೆ,” ಎಂದ ಅವನು. “ಅವನಿಗೆ ನೋಯುತ್ತೆ. ಕಾಲು ನೋಡು. ನೀನು ಕೀಳುವಾಗ ಬೆರಳು ಮಡಚಿಕೊಂಡು ಒತ್ತಿ ಹಿಡೀತಾನೆ.”

“ಕಾಲು ಮಡಚಿದ್ರೆ ಸುಳ್ಳಾ? ನಿಮಗೆ ಹೇಗೆ ಗೊತ್ತು?”

ಅವನು ತಟ್ಟೆಯನ್ನು ನೋಡಿದ. ಅವಳು ಅವನನ್ನು ನೋಡಿದಳು. ಅವಳ ಮುಖದ ಮೇಲಿನ ಸಂತೋಷ ಒಂದೊಂದೇ ಪದರವಾಗಿ ಕಳಚತೊಡಗಿತು. ಕೊನೆಗೆ ಅವಳು ಎದ್ದು, ಕೈತೊಳೆದು, ಚೀಲದಿಂದ ಒಂದು ಪಟ್ಟಿ ತಂದು ಅವನ ಬಲದೋಳಿಗೆ ಹಚ್ಚಿದಳು. ರೋಮದಿಂದ ಕೂಡಿದ, ಎಂದೂ ಪಳಗದ ತೋಳು ಅದು. ಅಂಟು ಕೂರುವವರೆಗೂ ಇಬ್ಬರೂ ಎದುರುಬದುರಾಗಿ ಕುಳಿತಿದ್ದರು. ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುವ ಸದ್ದು ಕೇಳಿಸುತ್ತಿತ್ತು. ಆಮೇಲೆ ಅವಳು ಕುರ್ಚಿಯಿಂದಿಳಿದು, ಪಾದದ ಅಳತೆ ತೆಗೆಯುವವಳಂತೆ ನೆಲದ ಮೇಲೆ ಕುಳಿತು, ಅವನ ಕಾಲುಗಳ ಮೇಲೆ ಕಣ್ಣಿಟ್ಟುಕೊಂಡೇ ಕೈ ಮೇಲೆತ್ತಿ ಪಟ್ಟಿಯನ್ನು ಎಳೆದಳು.

ಬೆರಳುಗಳು ನೆಲವನ್ನು ಕಚ್ಚಿದವು. ತಡೆಯಬೇಕೆಂದು ಅವನು ಮಾಡಿದ ಪ್ರಯತ್ನದಿಂದ ಅವು ಇನ್ನಷ್ಟು ಬಿಗಿದವು.

“ಎಷ್ಟು?”

“ಏಳು.”

“ಹೋದ ಸಲದ್ದು? ನೀವು ಸೊನ್ನೆ ಅಂದಮೇಲೆ ವಾರ್ಡಿಗೆ ಕಳಿಸಿದ್ನಲ್ಲ, ಅದು?”

“ಆರಿರಬೇಕು.”

“ಮದುವೆಗೆ ಮುಂಚೆ ಮೊದಲನೇ ಸಲ ಹಚ್ಚಿದ್ದು?”

“ಅದಾ?” ಎಂದ ಅವನು. “ಅದು ಒಂಬತ್ತು.”

ಅವಳು ನಗಲಿಲ್ಲ. ಹೆಂಡತಿ ನಗುವಳೆಂದು ಅವನು ಅರೆಮನಸ್ಸಿನಿಂದ ನಂಬಿದ್ದ. ಅವಳು ನೆಲದ ಮೇಲೆಯೇ ಕುಳಿತು, ಕಿತ್ತ ಪಟ್ಟಿಗೆ ಅಂಟಿದ್ದ ರೋಮಗಳನ್ನು ನೋಡುತ್ತ, ಎಷ್ಟು ಜನ ಮುದುಕರ ಚರ್ಮ ಕೀಳಿಸಿದಿರಿ ನೀವು, ನನ್ನ ಕೈಯಿಂದ ಕೀಳಿಸಿದಿರಿ ಎಂದಳು. ನಿನ್ನ ಸಂತೋಷಕ್ಕೆಂದು ಅವನು ಶುರುಮಾಡಿದ ಮಾತನ್ನು ಅವಳು ಕೈಯೆತ್ತಿ ತಡೆದಳು.

“ನನಗೆ ಪ್ರೀತಿ ಮಾಡೋ ತೋಳು ಬೇಡ ಕಣ್ರೀ. ನನ್ನನ್ನ ಕಂಡ್ರೆ ಉರಿದು ಬೀಳೋ ತೋಳು ಬೇಕು.”

ಮರುದಿನ ಪಟ್ಟಿಗಳು ವಾರ್ಡಿಗೆ ಹೋಗಲಿಲ್ಲ. ಅವಳೇ ಮೇಲಧಿಕಾರಿಯ ಮುಂದೆ ನಿಂತು ಅಳತೆಯೇ ತಪ್ಪಿದೆಯೆಂದು ಒಪ್ಪಿಕೊಂಡು, ಒಂದಿಷ್ಟು ಕಾಲಾವಕಾಶ ಬೇಡಿ ಪಡೆದಳು. ರೆಫರಿಗೆ ಕೈಮುಗಿದು, ಇನ್ನು ತೊಂದರೆ ತೆಗೆದುಕೊಳ್ಳಬೇಡಿರೆಂದಳು. ಗಂಡನಿಗೆ ಬಡಿಸುವುದನ್ನು ನಿಲ್ಲಿಸಲಿಲ್ಲ. ಪ್ರಯೋಗಶಾಲೆಯ ಮಾತನ್ನು ಮಾತ್ರ ಮನೆಯೊಳಗೆ ತರುವುದನ್ನು ನಿಲ್ಲಿಸಿದಳು. ರೆಫರಿಯ ತೋಳಿನ ವರ್ಣನೆಯನ್ನಾದರೂ ಕೇಳುತ್ತಿದ್ದ ದಿನಗಳು ಎಷ್ಟು ಮೇಲಾಗಿದ್ದವೆಂದು ಅವನಿಗೆ ಆಗ ಅರಿವಾಯಿತು.

ಹಲವು ವಾರಗಳ ಮೇಲೆ, ಅವಳು ಮರೆತುಹೋದ ಕನ್ನಡಕವನ್ನು ಕೊಡುವ ನೆಪದಲ್ಲಿ ಅವನು ಕಾರ್ಖಾನೆಗೆ ಹೋದ. ಪ್ರಯೋಗಶಾಲೆಯ ಹೊರಗಿನ ಬೆಂಚಿನಲ್ಲಿ ರೆಫರಿ ಕುಳಿತಿದ್ದ. ಇಸ್ತ್ರಿ ಮಾಡಿದ ಅಂಗಿ ಹಾಗೆಯೇ ಇತ್ತು. ಈ ಕಡೆ ಬಂದಿದ್ದೆ, ಹಾಗೇ ವಿಚಾರಿಸಿಕೊಂಡು ಹೋಗೋಣವೆಂದುಕೊಂಡೆ ಎಂದು ಅವನು ಯಾರೂ ಕೇಳದೆಯೇ ಹೇಳಿದ. ಬಸ್ಸಿನ ಕೊನೆಯ ನಿಲ್ದಾಣದಾಚೆಗೆ ಯಾರೂ ‘ಈ ಕಡೆ’ ಬರುವುದಿಲ್ಲವೆಂಬುದು ಇಬ್ಬರಿಗೂ ತಿಳಿದಿತ್ತು. ಕನ್ನಡಕದಂಗಡಿಯವನು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತ.

ಒಳಗೆ ಹೊಸ ತೋಳಿತ್ತು. ಅದು ಟೈಪಿಂಗ್ ಕಲಿಸಿ ನಿವೃತ್ತಳಾಗಿದ್ದ ಒಬ್ಬ ಮುದುಕಿಯದು. ವಾರ್ಡಿನ ದಾದಿಯರನ್ನೆಲ್ಲ ಅಳಿಸಿದವಳೆಂದು ಖ್ಯಾತಿ. ಬಾಗಿಲು ಮುಚ್ಚಿದ್ದರೂ ಅವಳ ದನಿ ಕಾರಿಡಾರಿನ ಉದ್ದಕ್ಕೂ ಹರಿದುಬರುತ್ತಿತ್ತು. ಮೊದಲು ಪಟ್ಟಿಯನ್ನು ಬೈದಳು, ಆಮೇಲೆ ಅದನ್ನು ಮಾಡಿದವಳನ್ನು, ಅವಳನ್ನು ಓದಿಸಿದ ಮೇಷ್ಟರುಗಳನ್ನು. ಬೈಗುಳ ನಡುವಿನಲ್ಲೇ ತುಂಡಾಯಿತು. ಪಟ್ಟಿ ಕಿತ್ತಿರಬೇಕು. ಆಮೇಲೆ ಮುದುಕಿ ಗೊಣಗುವ ದನಿಯಲ್ಲಿ, ಎರಡು, ಎರಡಕ್ಕಿಂತ ಒಂದು ಚೂರೂ ಕಮ್ಮಿ ಮಾಡಲಾರೆ, ಬೇಕಾದರೆ ಬರೆದುಕೋ ಎಂದಳು.

ಅದರ ಬೆನ್ನಿಗೇ ಅವನ ಹೆಂಡತಿಯ ನಗು ಕೇಳಿಸಿತು. ಎದೆ ತುಂಬಿ, ಕಟ್ಟೆ ಒಡೆದು ಬಂದ ನಗು. ಮಧ್ಯದಲ್ಲಿ ಉಸಿರಿಗಾಗಿ ನಿಂತು, ಮತ್ತೆ ಮೊದಲಿನಿಂದ ಶುರುವಾಯಿತು.

ಬೆಂಚಿನ ಮೇಲಿನ ಇಬ್ಬರೂ ಬಾಗಿಲನ್ನೇ ನೋಡಿದರು.

“ನಿಮ್ಮ ಹತ್ರ ಯಾವತ್ತಾದ್ರೂ ಹೀಗೆ ನಕ್ಕಿದ್ರಾ?” ಎಂದು ರೆಫರಿ ತಗ್ಗಿದ ದನಿಯಲ್ಲಿ ಕೇಳಿದ.

ಹೌದೆನ್ನಲು ಬಾಯಿ ತೆರೆದವನು ತಡೆದು, “ಇಲ್ಲ,” ಎಂದ. “ನಿಮ್ಮ ಹತ್ರ?”

ರೆಫರಿ ತಲೆಯಾಡಿಸಿದ. ಒಳಗಿನ ನಗು ಇನ್ನೂ ನಿಂತಿರಲಿಲ್ಲ. ಆ ಮುದುಕಿಯ ಮೇಲೆ ಇಬ್ಬರಿಗೂ ಹೊಟ್ಟೆ ಉರಿಯುತ್ತಿತ್ತು. ಆದರೂ ಇಬ್ಬರಲ್ಲಿ ಒಬ್ಬನೂ ಬೆಂಚು ಬಿಟ್ಟೇಳಲಿಲ್ಲ.